ನಾಂಚಾರಮ್ಮನ ಬಲಗೈ

ಕದಿಯದ ಹೆಂಗಸನ್ನು ಕಳ್ಳಿ ಎಂದು ಪೊಲೀಸರ ಕೈಗೆ ಕೊಟ್ಟವಳು ನಾನು. ಅವಳು ಕದ್ದಿಲ್ಲ ಎಂದು ಗೊತ್ತಾದ ಮೇಲೂ ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೂ ಸುಳ್ಳೇ — ಬಿಡಿಸಿಕೊಂಡು ಬರಲು ಹೊರಟವನನ್ನು ತಡೆದೆ. ಕಾರಣ ಒಂದೇ. ಅವಳು ನನ್ನ ಜನದವಳು ಎಂಬುದು ಯಾರಿಗೂ ತಿಳಿಯಬಾರದಿತ್ತು.

ಇದನ್ನು ಹೇಳಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ಆದರೆ ಹೇಳಿದೆ. ಊಟಕ್ಕೆ ಕುಳಿತ ಅಷ್ಟೂ ಮಂದಿಯ ಎದುರು, ಗಂಟಲು ದೊಡ್ಡದು ಮಾಡಿ ಹೇಳಿದೆ. ಅಲ್ಲಿ ಇಲ್ಲದವರಿಗಾಗಿ ಈಗ ಬರೆಯುತ್ತಿದ್ದೇನೆ. ಅಕ್ಷರ ನನಗೆ ಅಷ್ಟಕ್ಕಷ್ಟೆ. ಕಾಗುಣಿತ ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ.

ವಿಜಯವಾಡದ ಭವಾನಿಪುರದಲ್ಲಿ ನನ್ನದೊಂದು ಖಾನಾವಳಿ ಇದೆ. ಕರ್ನಾಟಕದಿಂದ ವರ್ಗವಾಗಿ ಬರುವ ಬ್ಯಾಂಕಿನವರು ಜೋಳದ ರೊಟ್ಟಿ ಹುಡುಕಿಕೊಂಡು ಇಲ್ಲಿಗೇ ಬರುತ್ತಾರೆ. ಅವರಿಗೆಲ್ಲ ನಾನು ಪಾರ್ವತವ್ವ. ಬಾಗಿಲ ಮೇಲೆ 'ಲಿಂಗಾಯತ ಖಾನಾವಳಿ' ಎಂಬ ಬೋರ್ಡು, ನನ್ನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಎರಡೂ ಸುಳ್ಳು. ನಾನು ಪಾರ್ವತವ್ವನಲ್ಲ, ದುರುಗವ್ವ. ಗದಗ ಕಡೆಯ ಕೊರವರ ಮಗಳು. ನಾವು ಬುಟ್ಟಿ ಹೆಣೆಯುವ ಜನ. ಇಲ್ಲಿ ಆಂಧ್ರದಲ್ಲಿ ನಮ್ಮವರನ್ನು ಎರುಕಲ ಎನ್ನುತ್ತಾರೆ.

ಬುಟ್ಟಿ ಹೆಣೆಯುವುದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಇಂಗ್ಲಿಷರು ಒಂದು ಕಾನೂನು ಮಾಡಿದ್ದರು — ಇಂತಿಂಥ ಜಾತಿಯಲ್ಲಿ ಹುಟ್ಟಿದವರು ಹುಟ್ಟುತ್ತಲೇ ಕಳ್ಳರು ಎಂದು. ನಮ್ಮನ್ನು ಮುಳ್ಳುತಂತಿಯ ಬೇಲಿಯೊಳಗೆ ಹಾಕಿ ಅದಕ್ಕೆ ಸೆಟ್ಲಮೆಂಟು ಎಂದು ಹೆಸರಿಟ್ಟರು. ನನ್ನಪ್ಪ ಹುಟ್ಟಿದ್ದು ಆ ಬೇಲಿಯೊಳಗೆ. ಅವನು ಮಾಡಿದ ಅಪರಾಧ ಅಷ್ಟೇ, ಹುಟ್ಟಿದ್ದು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಬೇಲಿಯ ಒಳಗೂ ಬಾವುಟ ಏರಿಸಿ ಹುಡುಗರಿಗೆ ಬೆಲ್ಲ ಹಂಚಿದರಂತೆ. ಸಂಜೆ ಎಂದಿನಂತೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಾಜರಿ ಕೂಗಿದರಂತೆ. ಬೆಲ್ಲದ ಅಂಟು ಇನ್ನೂ ಕೈಯಲ್ಲಿತ್ತು ಎನ್ನುತ್ತಿದ್ದ ಅಪ್ಪ. ಆ ಕಾನೂನು ಹೋಗುವುದಕ್ಕೆ ಮತ್ತೆ ಐದು ವರ್ಷ ಬೇಕಾಯಿತು.

ಕಾನೂನು ಹೋಯಿತು, ಮಾತು ಹೋಗಲಿಲ್ಲ. ಸುತ್ತಲ ಯಾವ ಊರಲ್ಲಿ ಕಳವಾದರೂ ಅಪ್ಪನನ್ನು ಎಳೆದೊಯ್ಯುತ್ತಿದ್ದರು. "ಹುಟ್ಟಾ ಕಳ್ಳರು ನೀವು," ಎನ್ನುತ್ತಿದ್ದ ಫೌಜದಾರ. ನಾನು ಬಾಗಿಲು ಹಿಡಿದು ನಿಂತು ಕೇಳುತ್ತಿದ್ದೆ. ಆ ಮಾತು ನೆನಪಿಡಿ. ಮುಂದೆ ಅದು ನನ್ನ ಬಾಯಲ್ಲೇ ಬರುತ್ತದೆ.

ನನ್ನ ಗಂಡ ಗೌಂಡಿ ಕೆಲಸದವನು, ನಮ್ಮ ಜನದವನೇ. ಕೊಂಡಪಲ್ಲಿಯ ಆಚೆ ಕರೆಂಟಿನ ಕಾರ್ಖಾನೆ ಕಟ್ಟುವಾಗ ಕೆಲಸಕ್ಕೆಂದು ಬಂದೆವು. ರೈಲಿನಲ್ಲೇ ಹೇಳಿದ: "ಅಲ್ಲಿ ನಮ್ಮನ್ನ ಯಾರೂ ಅರಿಯೂದಿಲ್ಲ. ಚಲೋ ಹೆಸರು ಇಟ್ಕೊ." ಇಟ್ಟುಕೊಂಡೆ. ಆಮೇಲೆ ಅವನು ಬೇಗ ತೀರಿಹೋದ. ಕಂಕುಳಲ್ಲಿ ಕೂಸು, ಕೈಯಲ್ಲಿ ರೊಟ್ಟಿ ಬಡಿಯುವುದೊಂದೇ ವಿದ್ಯೆ. ನಮ್ಮ ಕಡೆಯವರು ಕೊರವತಿಯ ಕೈಯ ರೊಟ್ಟಿ ತಿನ್ನುತ್ತಾರೆಯೇ? ಬೋರ್ಡು ಬರೆಸಿದೆ.

ನಾಂಚಾರಮ್ಮ ಬೀದಿಬೀದಿ ಬುಟ್ಟಿ, ಮೊರ ಮಾರುವವಳು. ಒಂದು ಮಧ್ಯಾಹ್ನ ಖಾನಾವಳಿಯ ಮೆಟ್ಟಿಲಿಗೆ ಬಂದು ಕುಳಿತಳು. ನನ್ನ ಮೊರದ ಅಂಚು ಬಿಚ್ಚಿತ್ತು, ಕಟ್ಟಿಕೊಡು ಎಂದೆ. ಅವಳು ಬಿದಿರ ಸೀಳು ಹಚ್ಚಿ ಕಟ್ಟತೊಡಗಿದಳು, ನಾನು ಎದುರಿಗೆ ಕುಳಿತೆ. ನಡುವೆ ನೀರು ಕುಡಿಯಲೆಂದು ಅವಳು ಮೊರ ಕೆಳಗಿಟ್ಟಳು. ನನ್ನ ಕೈ ಸುಮ್ಮನಿರಲಿಲ್ಲ. ಸೀಳನ್ನು ಹಲ್ಲಿನಲ್ಲಿ ಕಚ್ಚಿ, ಹೆಬ್ಬೆರಳಲ್ಲಿ ಒತ್ತಿ, ಅಂಚು ತಿರುವಿ ಮೂರು ಸುತ್ತು ಹಾಕಿಬಿಟ್ಟಿದ್ದೆ. ಅವಳು ಚೊಂಬು ಬಾಯಿಂದ ತೆಗೆಯದೆ ನೋಡಿದಳು. ಆಮೇಲೆ ನಕ್ಕು, ಮೊರ ಮತ್ತೆ ತನ್ನ ಕೈಗೆ ತೆಗೆದುಕೊಂಡಳು. ನಮ್ಮ ಕೊರವರ ಮನೆಮಾತಿನಲ್ಲೇ ಕೇಳಿದಳು: "ಯಾರ ಮನೀ ಮಗಳವ್ವಾ ನೀನು, ಚೆಲ್ಲೀ?"

ಚೆಲ್ಲಿ ಎಂದರೆ ತಂಗಿ. ಗಂಡ ಸತ್ತ ಮೇಲೆ ಮೊದಲ ಸಲ ನನ್ನ ತಾಯಿಯ ಮಾತು ಕಿವಿಗೆ ಬಿದ್ದಿತ್ತು. ಸಂತೋಷವಾಗಬೇಕಿತ್ತು. ಹಿಂದೆ ತಿರುಗಿ ನೋಡಿದೆ. ಒಳಗೆ ಊಟಕ್ಕೆ ಕುಳಿತವರು ಕತ್ತು ತಿರುಗಿಸಿ ನಮ್ಮನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಹಿರೇಮಠ ಎಂಬ ಬ್ಯಾಂಕಿನ ಗುಮಾಸ್ತ ಕೈತೊಳೆದು ಬಂದು ಕೂಗಿದ: "ಅಕ್ಕಾರ, ನನ್ನ ಗಡಿಯಾರ ಕಂಡೀರೇನು? ಇಲ್ಲೇ ಬಿಚ್ಚಿಟ್ಟಿದ್ದೆ." ಎಲ್ಲರೂ ಹುಡುಕಿದರು. ಯಾರೋ ಒಬ್ಬ ಮೆಟ್ಟಿಲ ಕಡೆ ನೋಡಿ, "ಆಕೀ ಯಾರ್ರೀ? ನಿಮಗ ಗುರುತಿನಾಕೀ ಏನು?" ಎಂದ.

ಗುರುತಿನಾಕೀ ಏನು — ಆ ಪ್ರಶ್ನೆಗೆ ಹೌದು ಎನ್ನಬಹುದಿತ್ತು. ಅಲ್ಲ ಎಂದು ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ನಾನು ಅಂದದ್ದು ಇದು:

"ಎರುಕಲರಾಕಿ. ಹುಟ್ಟಾ ಕಳ್ಳರ್ರೀ ಅವರು."

ಫೌಜದಾರನ ಮಾತು. ಅವನ ದನಿಯಲ್ಲೇ ಬಂತು. ನಾಂಚಾರಮ್ಮ ಎದ್ದು ನಿಂತಳು, ಓಡಲಿಲ್ಲ. ಅರ್ಧ ಕಟ್ಟಿದ ಮೊರ ಅವಳ ಕೈಯಲ್ಲೇ ಇತ್ತು. ಪೊಲೀಸರು ಬಂದು ಕರೆದೊಯ್ಯುವಾಗ ಅದನ್ನು ನನ್ನ ಮೆಟ್ಟಿಲ ಮೇಲೆ ಜೋಪಾನವಾಗಿ ಇಟ್ಟು ಹೋದಳು.

ಮರುದಿನ ಬೆಳಿಗ್ಗೆ ಗಿರಾಕಿಗಳು ಕೈ ಒರೆಸುವ ಟವೆಲು ಒಗೆಯಲು ಹಾಕಿದಾಗ ಗಡಿಯಾರ ಅದರ ಮಡಿಕೆಯಿಂದ ಬಿತ್ತು. ಹಿರೇಮಠನಿಗೆ ಕೊಟ್ಟೆ. ಅವನ ಮುಖ ಸಣ್ಣದಾಯಿತು. "ಛೇ, ಆ ಹೆಂಗಸು ಪಾಪ... ನಾ ಹೋಗಿ ಸ್ಟೇಷನ್ನಿನಾಗ ಹೇಳಿ ಬರ್ತೀನ್ರೀ ಅಕ್ಕಾರ," ಎಂದು ಚಪ್ಪಲಿ ಮೆಟ್ಟಿದ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಬ್ಯಾಡ್ರೀ. ಇದಲ್ಲದಿದ್ರ ಮತ್ತೊಂದು ಕದ್ದಿರ್ತಾಳ. ನಿಮಗ್ಯಾಕ ಇಲ್ಲದ ಉಸಾಬರಿ?"

ಅವಳು ಬಿಡುಗಡೆಯಾಗಿ ಬಂದರೆ ನೆಟ್ಟಗೆ ನನ್ನ ಬಾಗಿಲಿಗೆ ಬಂದು ನಾನು ಯಾರೆಂದು ಕೂಗುತ್ತಾಳೆ — ನನ್ನ ಲೆಕ್ಕ ಅದು. ಹಿರೇಮಠ ಚಪ್ಪಲಿ ಬಿಟ್ಟ. ಒಳಗೆ ಹೋಗಿ ನಾಷ್ಟಾ ಮಾಡಿದ.

ಅವಳನ್ನು ಬಿಟ್ಟಾಗ ಬಲಗೈಯ ಬೆರಳು ಮಡಚುತ್ತಿರಲಿಲ್ಲ. ಬುಟ್ಟಿ ಹೆಣೆಯುವವಳ ಬಲಗೈ. ಅವಳು ನನ್ನ ಬಾಗಿಲಿಗೆ ಬರಲಿಲ್ಲ, ಕೂಗಲಿಲ್ಲ. ಸ್ಟೇಷನ್ನಿನಲ್ಲಿ ಅಷ್ಟು ಹೊಡೆತ ತಿಂದರೂ ನನ್ನ ಜಾತಿ ಹೇಳಿರಲಿಲ್ಲ. ಕೊಂಡಪಲ್ಲಿಗೆ ಹೋಗಿ ತಮ್ಮನ ಮನೆಯಲ್ಲಿ ಉಳಿದಳು ಎಂದು ಬೇರೆ ಬುಟ್ಟಿಯವರಿಂದ ಕೇಳಿದೆ. ಊರು ಗೊತ್ತಿತ್ತು. ಅಲ್ಲಿಯ ಬಸ್ಸು ನನ್ನ ಮನೆಯ ಮುಂದೆಯೇ ಹೋಗುತ್ತದೆ. ಹತ್ತಲಿಲ್ಲ.

ಹಾಗೇ ಮುದುಕಿಯಾದೆ.

ಹೋದ ವರ್ಷ ರಾಜ್ಯೋತ್ಸವದ ಮುಂಚೆ ಬ್ಯಾಂಕಿನ ಮ್ಯಾನೇಜರು ಪಾಟೀಲ ಬಂದ. ಇಲ್ಲಿಯ ಕನ್ನಡದವರನ್ನೆಲ್ಲ ಕೂಡಿಸುವವನು ಅವನೇ. "ಅಜ್ಜೀ, ಈ ಸಲ ನಿಮಗ ಸನ್ಮಾನ. ನಿಮ್ಮ ಖಾನಾವಳ್ಯಾಗ, ಊಟದ ಹೊತ್ತಿಗೆ."

"ನನಗ್ಯಾಕೋ? ರೊಟ್ಟಿ ಬಡದದ್ದಕ್ಕ?"

"ಹೂಂ ಮತ್ತ. ಪರ ಊರಾಗ ನಮ್ಮ ಮಂದೀನ ಕೈ ಬಿಡಲಿಲ್ಲಲ್ಲ ನೀವು."

ಅವನು ಹೋದ ಮೇಲೆ ತವೆಯ ಮೇಲಿನ ರೊಟ್ಟಿ ಸೀದುಹೋಯಿತು. ಎಂದೂ ಸೀದಿರಲಿಲ್ಲ. ಮಗಳು ಶಾಂತಾ, "ಏನಾತಬೇ?" ಎಂದಳು. ಒಲೆಯ ಮುಂದೆಯೇ ಹೇಳಿದೆ, ಎಲ್ಲವನ್ನೂ. ಅವಳು ಹಿಟ್ಟಿನ ಕೈಯಲ್ಲೇ ನಿಂತಳು.

"ಅಪ್ಪಗ ಗೊತ್ತಿತ್ತೇನು?"

"ಅವನೂ ಕೊರವರಾಂವ."

"ಹಂಗಾರ ನಾನು?"

"ನೀನೇನು ಮುಗಿಲಿಂದ ಉದುರಿಯೇನು?"

ನನ್ನ ಜೊತೆ ಮಾತು ಬಿಟ್ಟಳು. ಕಲಿತವಳು, ಶಾಲೆಯಲ್ಲಿ ಪಾಠ ಹೇಳಿದವಳು, ಅರ್ಧ ಜೀವ ಸುಳ್ಳು ಹಣೆಗೆ ಹಚ್ಚಿಕೊಂಡು ಓಡಾಡಿದ್ದಳು. ಸಿಟ್ಟು ನ್ಯಾಯದ್ದೇ. ನಾನು ಬಸ್ಸು ಹತ್ತಿದೆ.

ಕೊಂಡಪಲ್ಲಿಯಲ್ಲಿ ನಾಂಚಾರಮ್ಮ ಬೇವಿನ ನೆರಳಲ್ಲಿ ಕುಳಿತಿದ್ದಳು. ಹಲ್ಲಿಲ್ಲ, ಕಣ್ಣು ಮಾತ್ರ ಚುರುಕು. ನನ್ನನ್ನು ಮೇಲಿಂದ ಕೆಳಗೆ ನೋಡಿ ಮನೆಮಾತಿನಲ್ಲೇ ಕೇಳಿದಳು.

"ಬಂದೆಯಾ? ಮತ್ತ ಗಡಿಯಾರ ಕಳೀತೇನು?"

ನಿಂತಲ್ಲೇ ಹೇಳಿದೆ, ತಪ್ಪಾಯಿತು ಎಂದು. ಅವಳು ನೆಲದ ಮೇಲೆ ಉಗುಳಿದಳು. "ಇಲ್ಲಿ ಅಂದ್ರ ಯಾರು ಕೇಳಬೇಕು, ಈ ಬೇವಿನ ಮರ? ನನ್ನ ಕಳ್ಳಿ ಅಂದಾಗ ಮಂದಿ ಇದ್ರು. ಅಲ್ಲೇ ಅನ್ನು, ಮಂದಿ ಮುಂದ."

"ಪೊಲೀಸರ ಮುಂದ ನೀ ಯಾಕ ನನ್ನ ಹೆಸರು ಹೇಳಲಿಲ್ಲ?"

"ಹೇಳಿದ್ರ ಏನಾಕ್ಕಿತ್ತು? ಒಬ್ಬಾಕೀನ ಬಡೀತಿದ್ರು, ಇಬ್ಬರನ್ನ ಬಡೀತಿದ್ರು. ನಿನ್ನ ಕೂಸು ಸಣ್ಣದಿತ್ತು."

ಆ ಟವೆಲಿನ ಮಾತು, ಹಿರೇಮಠನನ್ನು ತಡೆದ ಮಾತು — ಅದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ನನ್ನ ಬಾಯಿಗೆ ಬರಲಿಲ್ಲ. ಮುಂದಿನ ರವಿವಾರ ಸನ್ಮಾನದ ಊಟಕ್ಕೆ ಬಾ ಎಂದಷ್ಟೇ ಹೇಳಿದೆ. "ಬರ್ತೀನಿ. ಎಷ್ಟು ದೊಡ್ಡ ಗಂಟಲಲ್ಲಿ ಅಂತೀ ನೋಡಬೇಕು," ಎಂದಳು.

ಬಂದಳು. ಅವಳನ್ನು ನಡುವಿನ ಟೇಬಲ್ಲಿಗೆ ಕೂಡಿಸಿ ಮೊದಲ ರೊಟ್ಟಿ ಅವಳಿಗೇ ಬಡಿಸಿದೆ. ಅವಳು ಎಡಗೈಯಲ್ಲಿ ಮುರಿದು ತಿನ್ನತೊಡಗಿದಳು. ಒಂದಿಬ್ಬರು ಮುಖ ಸಿಂಡರಿಸಿದರು. ಪಾಟೀಲ ಶಾಲು ಬಿಚ್ಚಿ ನನ್ನ ಕಡೆ ಬಂದ.

"ತಡಿಯೋ. ಮೊದಲು ಕೇಳು," ಎಂದೆ. "ಈಕೀ ಎಡಗೈಲೇ ಉಣ್ಣಾಕ ಹತ್ಯಾಳ ಅಂತ ನೋಡಾಕ ಹತ್ತೀರಲ್ಲ. ಬಲಗೈ ಮುರದದ್ದು ನನ್ನ ಮಾತಿನಿಂದ."

ಹೇಳಿದೆ. ಬೇಲಿ ಹೇಳಿದೆ, ಅಪ್ಪನ ಕೈಯ ಬೆಲ್ಲ ಹೇಳಿದೆ, ದುರುಗವ್ವ ಎಂಬ ನನ್ನ ಹೆಸರು ಹೇಳಿದೆ. ಕಳ್ಳಿ ಎಂದದ್ದು ಹೇಳಿದೆ. ಆಮೇಲೆ ನಾಂಚಾರಮ್ಮನ ಮುಖ ನೋಡಿ, ಗಡಿಯಾರ ಮರುದಿನವೇ ಸಿಕ್ಕಿತ್ತೆಂದು, ಬಿಡಿಸಲು ಹೊರಟವನನ್ನು ನಾನೇ ಬಾಗಿಲಲ್ಲಿ ತಡೆದೆನೆಂದು ಮೊದಲು ಎಲ್ಲರಿಗೂ ಕನ್ನಡದಲ್ಲಿ, ಮತ್ತೊಮ್ಮೆ ಅವಳಿಗೆ ತಿಳಿಯುವಂತೆ ನಮ್ಮ ಮನೆಮಾತಿನಲ್ಲಿ ಹೇಳಿದೆ. ಅಷ್ಟು ಜನರ ಎದುರು ಆ ಭಾಷೆ ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವಳ ಎಡಗೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿ, ಅದು ಅವಳ ಹಕ್ಕು. ಅವಳು ಏಳಲಿಲ್ಲ. ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಟೇಬಲ್ಲಿನ ಮೇಲೆ ಇಟ್ಟಳು, ಎಲ್ಲರಿಗೂ ಕಾಣುವಂತೆ. ತಟ್ಟೆ ನನ್ನ ಕಡೆ ನೂಕಿದಳು.

"ರೊಟ್ಟಿ ಆರಿತು. ಬಿಸೀದು ತಾ."

ತಂದೆ. ಓಡಿಹೋಗಿ ತಂದೆ, ಈ ಮೊಣಕಾಲಲ್ಲಿ. ಬಂದು ನೋಡಿದರೆ ಒಬ್ಬ ಹಳೆಯ ಗಿರಾಕಿ ಅರ್ಧ ಊಟಕ್ಕೆ ಕೈತೊಳೆದು ಹೊರಟಿದ್ದ. ಅವನ ಹಿಂದೆ ಇನ್ನೂ ಕೆಲವರು. ಉಳಿದವರು ಕುಳಿತೇ ಇದ್ದರು. ಪಾಟೀಲ ಶಾಲು ಹಿಡಿದು ಯಾರಿಗೆ ಹೊದಿಸಲಿ ಎಂದು ತಿಳಿಯದೆ ನಿಂತಿದ್ದ. ನಾಂಚಾರಮ್ಮ ತೆಲುಗಿನಲ್ಲಿ, "ಚಲಿ ಲೇದು ಗದಾ, ಶಾಲುವಾ ಎಂದುಕು?" ಎಂದಳು — ಚಳಿಯೇ ಇಲ್ಲ, ಶಾಲು ಯಾಕೆ? ಮೊದಲು ನಕ್ಕವನು ಪಾಟೀಲನೇ. ಆಮೇಲೆ ಶಾಲು ಮಡಚಿ ಕುರ್ಚಿಯ ಮೇಲಿಟ್ಟು, ಅವಳ ಎದುರು ಕುಳಿತು, "ಅಜ್ಜೀ, ನನಗೂ ಬಿಸೀದು," ಎಂದ.

ಆಗ ಹೊರಗೆ ಸದ್ದಾಯಿತು. ಹೋಗಿ ನೋಡಿದರೆ ಶಾಂತಾ ಸ್ಟೂಲು ಹತ್ತಿ ನಿಂತಿದ್ದಳು. ನನ್ನೊಡನೆ ಮಾತು ಬಿಟ್ಟಿದ್ದ ಮಗಳು ಬೋರ್ಡಿನ ತಂತಿ ಬಿಚ್ಚುತ್ತಿದ್ದಳು. "ಹಿಡೀಬೇ, ಭಾರ ಐತಿ," ಎಂದಳು. ಹಿಡಿದೆ. ತಾಯಿ ಮಗಳು ಸೇರಿ ಇಳಿಸಿದೆವು. ನನ್ನ ಮದುವೆಯ ದಿನವೂ ನಾನು ಅಷ್ಟು ಎದೆಯುಬ್ಬಿಸಿ ನಿಂತಿರಲಿಲ್ಲ.

ಈಗ ಬಾಗಿಲ ಮೇಲೆ 'ದುರುಗವ್ವನ ಖಾನಾವಳಿ' ಎಂದಿದೆ. ಹೋದವರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಒಲೆ ಆರಿಲ್ಲ. ಹಿರೇಮಠ ರಿಟೈರಾಗಿ ವಿಶಾಖಪಟ್ಟಣದಲ್ಲಿ ಮಗನ ಮನೆಯಲ್ಲಿದ್ದಾನೆ. ಸುದ್ದಿ ಮುಟ್ಟಿ ಫೋನು ಮಾಡಿದ. "ಅಕ್ಕಾರ, ನೀವು ತಡದ್ರಿ ಖರೇ. ಆದರ ನಾನೂ ಹೋಗಬೇಕಾಗಿತ್ತು," ಎಂದು ಅತ್ತ. "ನನ್ನ ಮುಂದ ಅತ್ತು ಏನು ಮಾಡ್ತೀರಿ? ರೈಲು ಹತ್ತಿ ಬಂದು ಆಕೀಗ ಹೇಳ್ರಿ," ಎಂದು ಇಟ್ಟೆ. ಬರುತ್ತೇನೆ ಎಂದಿದ್ದಾನೆ. ನೋಡೋಣ.

ನಾಂಚಾರಮ್ಮ ರವಿವಾರ ಬರುತ್ತಾಳೆ. ಉಂಡು ಮೆಟ್ಟಿಲ ಮೇಲೆ ಕೂರುತ್ತಾಳೆ. ನಾನು ಅವಳ ಪಕ್ಕ ಕುಳಿತು, ಬೀದಿಗೆ ಮುಖ ಮಾಡಿ ಮೊರ ಹೆಣೆಯುತ್ತೇನೆ. "ಸಡಿಲಾತು, ಬಿಚ್ಚು," ಎನ್ನುತ್ತಾಳೆ. ಬಿಚ್ಚುತ್ತೇನೆ. ಹೋಗುವವರು ಬರುವವರು ಎಲ್ಲಿ ಕಲಿತೆ ಎಂದು ಕೇಳಿದರೆ, ಕೊರವರ ಮಗಳಿಗೆ ಯಾರು ಕಲಿಸಬೇಕು ಎಂದು ಬೀದಿಯ ತುದಿಗೆ ಕೇಳುವಂತೆ ಹೇಳುತ್ತೇನೆ. ಆ ಹೊತ್ತಿಗೆ ಅವಳು ನಗುತ್ತಾಳೆ.

ಕ್ಷಮಿಸಿದೆ ಎಂದು ಅವಳು ಅಂದಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನನ್ನ ಬೆರಳು ಈ ವಯಸ್ಸಿನಲ್ಲೂ ಚೆನ್ನಾಗಿ ಮಡಚುತ್ತವೆ. ಅವಳವು ಮಡಚುವುದಿಲ್ಲ.