ವಿಳಾಸ ಬದಲಾವಣೆಯ ಅರ್ಜಿ

೨೦೨೧ರಲ್ಲಿ ಮೂಡಿಗೆರೆಯ ಒಂದು ಬ್ಯಾಂಕ್ ಶಾಖೆಗೆ ಮ್ಯಾನೇಜರ್ ಆಗಿ ಬಂದೆ. ಅದು ನನ್ನ ಹನ್ನೊಂದನೆಯ ವರ್ಗಾವಣೆ, ಕೊನೆಯದೂ ಹೌದು. ಮದುವೆಯಾಗಿರಲಿಲ್ಲವಾದ್ದರಿಂದ ನನ್ನನ್ನು ಎಲ್ಲಿಗೆ ಹಾಕಿದರೂ ತಕರಾರು ಮಾಡುವವರಿರಲಿಲ್ಲ. ಶಾಖೆಯ ಮೇಲಿನ ಮಹಡಿಯಲ್ಲೇ ಮನೆ. ಸಂಜೆ ಶಟರ್ ಎಳೆದರೆ ಮರುದಿನ ಬೆಳಿಗ್ಗೆಯವರೆಗೆ ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಕುಕ್ಕರ್ ಒಂದೇ. ಒಂಟಿತನ ಕಾಡುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾನು ನಿವೃತ್ತಳಾಗಬೇಕಾಯಿತು.

ಆ ವರ್ಷವೇ ಶೈಲಾ ಎಂಬ ಹುಡುಗಿ ಶಿಕ್ಷಣ ಸಾಲ ಕೇಳಿ ಬಂದಳು. ಜೊತೆಗೆ ತಾಯಿ ಲಲಿತಾ. ಗಂಡ ತೀರಿಕೊಂಡ ಮೇಲೆ ಕೊಟ್ಟಿಗೆಹಾರದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಕೆಲಸ ಮಾಡಿಕೊಂಡು ಅಲ್ಲಿಯ ಲೈನಿನಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಮಗಳನ್ನು ಸಾಕಿದವರು. ಶೈಲಾಗೆ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ. ಸರ್ಕಾರಿ ಸೀಟು ಕೈತಪ್ಪಿ ಖಾಸಗಿ ಕಡೆ ಸಿಕ್ಕಿತ್ತು. ಹಾಸ್ಟೆಲ್ ಸೇರಿ ಎರಡು ಲಕ್ಷ ನಲವತ್ತು ಸಾವಿರ ರೂಪಾಯಿ.

ಲೆಕ್ಕದಲ್ಲಿ ನಾನು ಗಟ್ಟಿ. ಶಿಕ್ಷಣ ಸಾಲದಲ್ಲಿ ಓದು ಮುಗಿದ ಮೇಲೂ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಈ ಬಿಡುವಿಗೆ ಮೊರಟೋರಿಯಂ ಎನ್ನುತ್ತೇವೆ. ಬಡ್ಡಿಗೆ ಮಾತ್ರ ಬಿಡುವಿಲ್ಲ. ಅಷ್ಟರಲ್ಲಿ ಸಾಲ ಮೂರು ಲಕ್ಷದ ಹತ್ತಿರ ಬರುತ್ತದೆ, ಏಳು ವರ್ಷ ತಿಂಗಳಿಗೆ ಐದು ಸಾವಿರ. ಈ ಓದಿಗೆ ಮೊದಲ ಸಂಬಳ ಹದಿಮೂರು ಸಾವಿರ ಸಿಕ್ಕಿದರೆ ಪುಣ್ಯ. ಚೀಟಿಯಲ್ಲಿ ಬರೆದು ತೋರಿಸಿದೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಮಾರಾಯ್ತಿ. ನರ್ಸಿಂಗ್ ಮಾಡು, ಕೈತುಂಬ ಸಂಬಳ."

"ಗೊತ್ತುಂಟು ಮೇಡಂ. ಆದ್ರೆ ನಮ್ ಲೈನಿನ ಜನ ಯಾಕೆ ಹೀಗೇ ಉಳಿತಾರೆ ಅಂತ ನಂಗೆ ತಿಳ್ಕೊಬೇಕು."

ಗೊಣಗುತ್ತಲೇ ಸಾಲ ಮಂಜೂರು ಮಾಡಿದೆ. ತಾಯಿಯೂ ಸಹಸಾಲಗಾರ್ತಿಯಾಗಿ ಸಹಿ ಹಾಕಬೇಕಿತ್ತು. ಹೊರಗೆ ಜನ ಕಾಯುತ್ತಿದ್ದರು. ಷರತ್ತುಗಳನ್ನು ಗಡಿಬಿಡಿಯಲ್ಲಿ ಓದಿ ಹೇಳಿದೆ. ಬ್ಯಾಂಕಿಗೆ ತಿಳಿಸದೆ ಜಾಗ ಬದಲಾಯಿಸಬಾರದು ಎಂಬಲ್ಲಿ ಲಲಿತಾ ತಲೆಯೆತ್ತಿದರು.

"ಸಾಲ ತೀರೋವರೆಗೂನಾ?"

"ತೀರೋವರೆಗೂ," ಎಂದು ಮುಂದಿನವರನ್ನು ಕರೆದೆ.

ಮೂರು ವರ್ಷದ ಮೇಲೆ, ಮೊದಲ ಕಂತಿನ ತಿಂಗಳು, ಶೈಲಾ ಒಬ್ಬಳೇ ಬಂದಳು. ಚಿಕ್ಕಮಗಳೂರಿನ ಒಂದು ಸೇವಾಸಂಸ್ಥೆಯಲ್ಲಿ ಕೆಲಸ, ಸಂಬಳ ಹದಿಮೂರು ಸಾವಿರ. ನನ್ನ ಚೀಟಿ ತಪ್ಪಿರಲಿಲ್ಲ. ಅಲ್ಲೇ ಒಂದು ಕೋಣೆ ಮಾಡಿಕೊಂಡು ಬಾ ಬಾ ಎಂದು ಕರೆದರೂ ತಾಯಿ ಬರುತ್ತಿಲ್ಲ. ಒಮ್ಮೆ ಹಣ್ಣು ಕೊಯ್ಲು ಎನ್ನುತ್ತಾರೆ, ಒಮ್ಮೆ ಕೋಳಿಗಳನ್ನು ಯಾರು ನೋಡುತ್ತಾರೆ ಎನ್ನುತ್ತಾರೆ.

"ಸಾಲ ಮಾಡಿ ಓದ್ಸಿದ್ದಕ್ಕೆ ಇಷ್ಟೇ ಸಂಬಳವಾ ಅಂತ ಅಮ್ಮಂಗೆ ಬೇಜಾರು ಮೇಡಂ. ಬಾಯಲ್ಲಿ ಹೇಳಲ್ಲ. ಒಂದು ಫೈನಾನ್ಸಿನವ್ರು ಇಪ್ಪತ್ತೆರಡು ಕೊಡ್ತಾರಂತೆ. ಲೈನುಗಳಲ್ಲಿ ಹೆಂಗಸ್ರ ಹತ್ರ ಸಾಲ ವಸೂಲಿ ಮಾಡೋದು. ಒಂದನೇ ತಾರೀಕಿಂದ ಸೇರ್ಲಾ?"

ಅವಳ ಮುಖ ಬಾಡಿತ್ತು. ನಾನು ನೋಡಿದ್ದು ಮಾತ್ರ ಇಪ್ಪತ್ತೆರಡು ಎಂಬ ಅಂಕಿಯನ್ನು. ಸೇರು ಎಂದೆ.

ಮುಂದಿನ ವಾರ ಸಂತೆಯ ದಿನ ಲಲಿತಾ ಸಾಲಕ್ಕೆಂದು ಐನೂರು ರೂಪಾಯಿ ಕಟ್ಟಲು ಬಂದರು. ಮಂಡಿನೋವಿಗೆ ಕುಂಟುತ್ತಿದ್ದರು. ಕೂರಿಸಿ, ಮಗಳ ಜೊತೆ ಹೋಗಿ ಇರಬಾರದೇ ಎಂದು ಕೇಳಿದೆ.

"ಮುಂಗಡ ತೀರ್ದೆ ಹ್ಯಾಗೆ ಹೋಗೋದು ಮೇಡಂ? ನೀವೇ ಹೇಳಿದ್ರಲ್ಲ, ಜಾಗ ಬಿಡ್ಬಾರ್ದು ಅಂತ."

ಅವರ ಎಸ್ಟೇಟಿನಲ್ಲಿ ಅದೇ ರೂಢಿ. ಮದುವೆಗೋ ಕಾಯಿಲೆಗೋ ಧಣಿಯಿಂದ ಮುಂಗಡ ತೆಗೆದುಕೊಂಡವರು ಅದು ತೀರುವವರೆಗೆ ಲೈನು ಬಿಡುವಂತಿಲ್ಲ. ಬ್ಯಾಂಕಿನ ಸಾಲವೂ ಹಾಗೇ ಎಂದುಕೊಂಡು, ಇನ್ನೂ ಏಳು ವರ್ಷ ಒಬ್ಬರೇ ಇರಲು ಅವರು ತಯಾರಾಗಿದ್ದರು.

"ಒಂದು ಮಾತು ನನ್ನ ಕೇಳ್ಬಾರ್ದಿತ್ತಾ ಲಲಿತಮ್ಮ?"

"ಕೇಳಿದ್ರೆ ಓಡೋಗೋಳು ಅಂದ್ಕೊಂಡು ದುಡ್ಡು ನಿಲ್ಸಿಬಿಟ್ರೆ? ಮಗು ಓದು ಹಾಳಾಗ್ತಿತ್ತು."

ನಾಚಿಕೆಯಾಯಿತು. ಸಾಲವನ್ನೂ ಸಂಬಳವನ್ನೂ ತೂಗಿ ನೋಡಿದವಳು ನಾನು. ಆ ತೂಕದಲ್ಲಿ ಈ ಹೆಂಗಸು ಇರಲೇ ಇಲ್ಲ.

ಹೊಸ ವಿಳಾಸ ತಿಳಿಸಿದರೆ ಸಾಕು, ಎಲ್ಲಿ ಬೇಕಾದರೂ ಇರಬಹುದು ಎಂದು ಬಿಡಿಸಿ ಹೇಳಿ, ಅಲ್ಲಿಂದಲೇ ಶೈಲಾಗೆ ಫೋನ್ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಬಂದಳು. ತಾಯಿಯ ಬಾಯಿಂದಲೇ ಎಲ್ಲ ಕೇಳಿದಳು.

"ನನ್ ಎಂ.ಎ. ಪ್ರಾಜೆಕ್ಟ್ ಈ ಮುಂಗಡದ ಮೇಲೇ ಮೇಡಂ. ನಲ್ವತ್ತು ಮನೆಗೆ ಹೋಗಿ ಕೇಳಿದ್ದೆ. ನಮ್ಮನೇಲಿ ಕೇಳ್ಲಿಲ್ಲ."

ವಸೂಲಿ ಕೆಲಸಕ್ಕೆ ಅವಳು ಸೇರಲಿಲ್ಲ. ಲಲಿತಾಗೆ ಚಿಕ್ಕಮಗಳೂರಿನ ಹಾಸ್ಟೆಲೊಂದರಲ್ಲಿ ಅಡಿಗೆ ಕೆಲಸ ಸಿಕ್ಕಿತು. ಹದಿಮೂರು ಸಾವಿರದ ಸಂಬಳದಲ್ಲೇ ಕಂತು ಬರುತ್ತಿತ್ತು, ಎರಡು ಸಲ ತಡವಾಗಿ. ನಿವೃತ್ತಿಗೆ ಉಳಿದಿದ್ದ ಒಂದು ವರ್ಷ ನಾನು ಯಾರ ಸಹಿ ಪಡೆದರೂ, ನಿಮಗೇನು ಅರ್ಥವಾಯಿತು ಹೇಳಿ ಎಂದು ಕೇಳದೆ ಬಿಡಲಿಲ್ಲ. ಮೂವತ್ತಾರು ವರ್ಷದ ನೌಕರಿ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು, ಕಲಿತದ್ದು ತಡವಾಗಿ.

ಶೈಲಾ ಬಸ್ಸಿಗೆ ಬಂದ ಆ ಮಧ್ಯಾಹ್ನವೇ ಲಲಿತಾರಿಂದ ವಿಳಾಸ ಬದಲಾವಣೆಯ ಅರ್ಜಿ ಬರೆಸಿಕೊಂಡಿದ್ದೆ. ಅದರಲ್ಲಿ 'ಕಾರಣ' ಎಂಬ ಕಾಲಂ ಇದೆ. ತಾಯಿ ಹೇಳಿದ್ದನ್ನು ಶೈಲಾ ಬರೆದಳು: ಮಗಳು ಕರೆದಿದ್ದಾಳೆ. ನಾನು ಸಹಿ ಹಾಕಿ ಒಳಗಿಟ್ಟೆ. ಹನ್ನೊಂದು ಊರಲ್ಲಿ ಆ ಕಾಲಂ ನಾನೂ ತುಂಬಿದ್ದೇನೆ. ಹನ್ನೊಂದು ಸಲವೂ 'ವರ್ಗಾವಣೆ' ಎಂದೇ ಬರೆದೆ.