ಮುತ್ತು ಕದ್ದವನ ಮೊಮ್ಮಗ

“ಝೂಟ್, ಭಾಯಿ! ವೋ ಚೋರ್ ನಹೀಂ, ಮೇರಾ ದಾದಾ ಥಾ!”

ಸುಳ್ಳು, ಅವನು ಕಳ್ಳನಲ್ಲ, ತನ್ನ ತಾತ ಎಂದು ಬೆಂಚಿನ ಮೇಲಿದ್ದ ಕುವೈತಿ ಅಜ್ಜ ಕೋಲು ಕುಟ್ಟಿ, ಹಿಂದೆ ವ್ಯಾಪಾರಕ್ಕೆ ಹೋಗಿ ಕಲಿತ ಬೊಂಬಾಯಿ ಹಿಂದಿಯಲ್ಲಿ ಗುಡುಗಿದಾಗ ನಾನು ಸಮಜಾಯಿಷಿ ಕೊಡಲು ಹೊರಟೆ. ಶುಕ್ರವಾರ ಬೆಳಿಗ್ಗೆ ಭಾರತೀಯ ಗೆಳೆಯರನ್ನು ಕುವೈತಿನ ಶರ್ಕ್ ಕಡಲತೀರದಲ್ಲಿ ಸುತ್ತಾಡಿಸುತ್ತಾ ಹಳೆಯ ಕಳವಿನ ಕಥೆಗಳನ್ನು ಹಿಂದಿಯಲ್ಲಿ ಹೇಳುವುದು ನನ್ನ ಹವ್ಯಾಸ. ಹಡಗಿನವರ ಮುತ್ತನ್ನು ಕದ್ದು ನುಂಗಿದ, ಕಡಲಾಳದಿಂದ ಮುತ್ತು ತೆಗೆಯುವ ಮುಳುಗುಗಾರನ ಕಥೆ ಆಗಷ್ಟೇ ಮುಗಿದಿತ್ತು.

“ನೀನು ಸುಮ್ಮನಿರು ಮಾರಾಯ, ಅವರೇ ಹೇಳ್ಲಿ,” ಎಂದರು ಗುಂಪಿನ ಹಿರಿಯರಾದ ಹಂಝಾಕ.

ಅಜ್ಜ ನಮ್ಮ ನಡುವೆ ಬಂದು ನಿಂತರು. ಕಳವಿನ ಆರೋಪ ಬಂದ ಮರುವರ್ಷ ಆ ಹಡಗಿನ ಹಾಯಿ ಬಿಚ್ಚಿದಾಗ ಅದರ ಮಡಿಕೆಯಿಂದ ಅದೇ ಮುತ್ತು ಉದುರಿತಂತೆ. ಆದರೂ ಊರಿಗೆ ಕಳ್ಳನ ಕಥೆಯೇ ರುಚಿಸಿತಂತೆ. ಹಂಝಾಕ ಸಿಳ್ಳೆ ಹೊಡೆದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜ ಗೆದ್ದ ಪೈಲ್ವಾನನಂತೆ ಕೋಲನ್ನು ಮೇಲೆತ್ತಿದರು.

ಈಗ ಪ್ರತಿ ಶುಕ್ರವಾರ ಆ ಬೆಂಚಿನ ಬಳಿ ನಾನು ಬಾಯಿ ಮುಚ್ಚುತ್ತೇನೆ. ಅಲ್ಲಿ ಕಥೆ ಹೇಳುವ ಹಕ್ಕು ಆ ಮುಳುಗುಗಾರನ ಮೊಮ್ಮಗನದು.