ಕೆಂಪು ಬಲ್ಬಿನಿಂದ ಎರಡು ಬೀದಿ ಸರೋವರದ ಕಡೆಗೆ

"ಅಮ್ಮಾ, ಎಮೆರಿತಾ ಅಜ್ಜಿ ಬಲ್ಬು ಬಿಚ್ಚಿ ಒಳಗಿಟ್ಕೊಂಡ್‌ಬಿಟ್ರಲ್ಲ, ಈಗ ನಮ್ಮನೆ ಎಲ್ಲಿದೆ?"

ಭಾನುವಾರ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಹೇಸೆಲ್ ಕೇಳಿದಳು. ಆರು ವರ್ಷದ ಹುಡುಗಿ. ದಾರಿ ತಪ್ಪಿದರೆ ಹೇಳಬೇಕೆಂದು ಶಾಲೆಯಲ್ಲಿ ಮಕ್ಕಳಿಗೆಲ್ಲ ಅವರವರ ವಿಳಾಸ ಬಾಯಿಪಾಠ ಮಾಡಿಸಿದ್ದರು. ಮನೆಗಳಿಗೆ ನಂಬರಿಲ್ಲದ ಊರು; ಇವಳದು ಹೀಗೆ: ಕೆಂಪು ಬಲ್ಬಿನಿಂದ ಎರಡು ಬೀದಿ ಸರೋವರದ ಕಡೆಗೆ, ಅರ್ಧ ಬೀದಿ ಸೂರ್ಯ ಹುಟ್ಟುವ ಕಡೆಗೆ, ನೀಲಿ ಗೇಟು.

"ಎಲ್ಲಿತ್ತೋ ಅಲ್ಲೇ ಇದೆ. ತಲೆ ಅಲ್ಲಾಡಿಸ್ಬೇಡ," ಎಂದಳು ಅರ್ಲೆನ್, ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ.

"ಆದ್ರೆ ಯಾವುದರಿಂದ ಎರಡು ಬೀದಿ?"

ಅರ್ಲೆನ್ ಕೊನೆಯ ಎಳೆಯನ್ನು ಎಳೆದು ಗಂಟು ಹಾಕಿದಳು. ಜಡೆ ಎಂದಿಗಿಂತ ಬಿಗಿಯಾಗಿ ಬಿತ್ತು.

ದೊಡ್ಡವರು ಗೌರವದಿಂದ ದೋನ್ಯಾ ಎಂದು ಕರೆಯುವ ಎಮೆರಿತಾ ಹುಟ್ಟಿ ಬೆಳೆದದ್ದು ರಾಜಧಾನಿ ಮನಾಗುವಾದ ಹಳೇ ಪೇಟೆಯಲ್ಲಿ, ಟೋಪಿಗಾರರ ಓಣಿ ಎಂಬಲ್ಲಿ. ಭೂಕಂಪ ಆ ಓಣಿಯನ್ನು ಒಂದೇ ಏಟಿಗೆ ಮಲಗಿಸಿತು. ಇವತ್ತು ಅಲ್ಲಿ ಹುಲ್ಲು ಬೆಳೆದಿದೆ, ಹಸು ಮೇಯುತ್ತದೆ. ಟೋಪಿಗಾರರ ಓಣಿ ಎಂದರೆ ಹೂಂಗುಟ್ಟುವವರು ಯಾರೂ ಉಳಿದಿಲ್ಲ. ಆಗ ಆಕೆ ಇನ್ನೂ ಹುಡುಗಿ. ಇಟ್ಟಿಗೆ ರಾಶಿಯಿಂದ ಎಳೆದು ತೆಗೆಯಲು ಸಿಕ್ಕಿದ್ದು ತಾಯಿಯ ಅಲ್ಯೂಮಿನಿಯಂ ಹಂಡೆ ಒಂದೇ. ಅದನ್ನು ತಲೆಯ ಮೇಲೆ ಹೊತ್ತುಕೊಂಡು ಊರಾಚೆಯ ಹತ್ತಿ ಹೊಲಕ್ಕೆ ಬಂದರು. ಅಲ್ಲಿ ಜನ ಗೂಟ ಹೊಡೆದು, ಪ್ಲಾಸ್ಟಿಕ್ ಹಾಳೆ ಕಟ್ಟಿ ಸಂಸಾರ ಹೂಡಿದ್ದರು. ಜಾಗಕ್ಕೆ ಹೆಸರು ಅಂತ ಒಂದಿರಲಿಲ್ಲ.

ಹೆಸರುಗಳು ಆಮೇಲೆ ತಾವಾಗಿಯೇ ಹುಟ್ಟಿದವು. ಇಳಿಜಾರಿನಲ್ಲಿ ಬಸ್ಸಿನ ಡ್ರೈವರು "ಹಿಡ್ಕೊಳ್ಳಿ!" ಅಂತ ಕೂಗುತ್ತಿದ್ದನಲ್ಲ, ಆ ಬಡಾವಣೆ 'ಹಿಡ್ಕೊಳ್ಳಿ' ಆಯಿತು. ಪಕ್ಕದವರು ಜಾಗದ ಹಕ್ಕುಪತ್ರಕ್ಕೆ ಕಚೇರಿಗೆ ಅಲೆದಾಗಲೆಲ್ಲ ಗುಮಾಸ್ತ "ಸೋಮವಾರ ಬನ್ನಿ" ಎನ್ನುತ್ತಿದ್ದ. ಪತ್ರ ಸಿಗಲಿಲ್ಲ, ಹೆಸರು ಸಿಕ್ಕಿತು. ಇವತ್ತಿಗೂ 'ಸೋಮವಾರ ಬನ್ನಿ'ಯ ಹುಡುಗಿಯನ್ನು ಗೊತ್ತುಮಾಡಿಕೊಂಡವರಿಗೆ ಗೆಳೆಯರು, "ಮದುವೆ ಯಾವಾಗ ಅಂತ ಮಾತ್ರ ಕೇಳ್ಬೇಡ ಮಾರಾಯಾ!" ಎಂದು ಕಾಲೆಳೆಯುತ್ತಾರೆ.

ಇವರ ಜಾಗಕ್ಕೆ ಹೆಸರು ತಂದದ್ದು ಎಮೆರಿತಾರ ಹಂಡೆ. ಶನಿವಾರ ಬಂತೆಂದರೆ ಆಕೆ ನಕತಮಾಲ್ ಮಾಡುತ್ತಿದ್ದರು. ಹಂದಿಕೊಬ್ಬು ಹಾಕಿ ನಾದಿದ ಜೋಳದ ಹಿಟ್ಟು, ಅದರೊಳಗೆ ಮಾಂಸ, ಅಕ್ಕಿ, ಆಲೂಗಡ್ಡೆ, ಪುದೀನ. ಎಲ್ಲವನ್ನೂ ಬಾಳೆ ಎಲೆಯಲ್ಲಿ ಮಡಿಸಿ, ನಾರಿನಿಂದ ಕಟ್ಟಿ, ಮಧ್ಯಾಹ್ನವಿಡೀ ಬೇಯಿಸಿದ ಕೈತುಂಬುವ ಕಡುಬು. ನಕತಮಾಲ್ ಬೆಂದ ಮನೆಯವರು ಬಾಗಿಲಲ್ಲಿ ಕೆಂಪು ದೀಪ ಹಚ್ಚಬೇಕು, ಅದು ರೂಢಿ. ಕರೆಂಟಿಲ್ಲದ ಆ ಕಾಲದಲ್ಲಿ ಎಮೆರಿತಾ ಸೀಮೆಎಣ್ಣೆ ಲಾಂದ್ರಕ್ಕೆ ಕೆಂಪು ಕಾಗದ ಸುತ್ತಿ ಕಂಬಕ್ಕೆ ಕಟ್ಟಿದರು. ಹತ್ತಿ ಹೊಲದ ಕತ್ತಲಲ್ಲಿ ಕಾಣುತ್ತಿದ್ದುದು ಅದೊಂದೇ. ಕೆಲಸ ಮುಗಿಸಿ ಬಂದವರು ಅದನ್ನು ನೋಡಿಕೊಂಡೇ ತಮ್ಮ ತಮ್ಮ ಪ್ಲಾಸ್ಟಿಕ್ ಹಾಳೆ ಹುಡುಕಿಕೊಂಡರು. ಮುಂದೆ ಯಾರೋ ಲೈನಿನಿಂದ ಕದ್ದು ತಂತಿ ಎಳೆದುಕೊಟ್ಟಾಗ ಲಾಂದ್ರ ಹೋಗಿ ಬಲ್ಬು ಬಂತು. ಅಂದಿನಿಂದ ಬಡಾವಣೆ 'ಕೆಂಪು ಬಲ್ಬು'. ಒಂದು ಸರ್ಕಾರ ಬಂದು ಹುತಾತ್ಮನೊಬ್ಬನ ಹೆಸರಿನ ಬೋರ್ಡು ನೆಟ್ಟಿತು, ಮುಂದಿನದು ಸಂತನೊಬ್ಬನದು. ಎರಡೂ ಬೋರ್ಡು ಯಾರ್ಯಾರದೋ ಕೋಳಿಗೂಡಿಗೆ ಸೂರಾದವು. ಕೆಂಪು ಬಲ್ಬು ಕೆಂಪು ಬಲ್ಬಾಗಿಯೇ ಉಳಿಯಿತು.

ರೂಢಿಯಲ್ಲಿ ಇನ್ನೊಂದು ಮಾತಿದೆ. ಹಂಡೆ ಖಾಲಿಯಾದರೆ ದೀಪ ಆರಿಸಬೇಕು. ಇಲ್ಲದ್ದನ್ನು ಇದೆ ಎಂದು ತೋರಿಸುವುದು ಸುಳ್ಳಾಗುತ್ತದೆ. ಎಮೆರಿತಾ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಎಷ್ಟೇ ಗಿರಾಕಿ ಬರಲಿ, ಹಂಡೆಯ ತಳದಲ್ಲಿ ಒಂದು ನಕತಮಾಲ್ ಉಳಿಸಿಕೊಳ್ಳುವರು.

"ಅದೊಂದಿದ್ಯಲ್ಲ ದೋನ್ಯಾ, ಕೊಟ್ಬಿಡಿ!"

"ಅದು ಬಲ್ಬಿನ ಪಾಲು. ಬಲ್ಬಿಗೂ ಹೊಟ್ಟೆ ಇಲ್ವೇನಯ್ಯ?"

ಕೊನೆಯ ಬಸ್ಸಿನವರು ಇಳಿದು ಮನೆ ಸೇರುವ ತನಕ ಆ ಪಾಲಿನ ನೆವದಲ್ಲಿ ಬಲ್ಬು ಉರಿಯುತ್ತಿತ್ತು. ಮಾರನೇ ಬೆಳಿಗ್ಗೆ ಆಕೆಯೇ ಅದನ್ನು ಬಿಸಿ ಮಾಡಿ ಕಾಫಿಯ ಜೊತೆ ತಿನ್ನುವರು.

ಆ ಪಾಲು ಬೇರೆಯವರ ಬಾಯಿಗೆ ಬಿದ್ದದ್ದು ಒಂದೇ ಸಲ. ಅರ್ಲೆನ್ ಚಿನಾಂದೇಗಾದಿಂದ ಗಂಡನ ಮನೆ ಹುಡುಕಿಕೊಂಡು ತುಂಬು ಬಸುರಿಯಾಗಿ ಬಂದಿಳಿದ ಶನಿವಾರ. ಬಸ್ಸು ತಡ, ಕರೆದುಕೊಂಡು ಹೋಗುತ್ತೇನೆಂದ ಗಂಡ ಕೆಲಸದಲ್ಲೇ ಸಿಕ್ಕಿಬಿದ್ದಿದ್ದ. ಅವಳು ಕೆಂಪು ಬೆಳಕು ನೋಡಿಕೊಂಡು ಬಂದು ಜಗಲಿಯ ಮೇಲೆ ಧೊಪ್ಪನೆ ಕುಂತಳು. ದೋನ್ಯಾ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬಾಳೆ ಎಲೆ ಬಿಚ್ಚಿ ಮುಂದಿಟ್ಟು, ಎದ್ದು ಹೋಗಿ ಬಲ್ಬು ಆರಿಸಿದರು. ಬಲ್ಬು ಯಾಕೆ ಆರಿಸಿದರೆಂದು ಅರ್ಲೆನ್‌ಗೆ ಅರ್ಥವಾದದ್ದು ಎಷ್ಟೋ ತಿಂಗಳ ಮೇಲೆ.

ಈಗ ಒಂದು ವರ್ಷದಿಂದ ದೋನ್ಯಾರ ಬೆರಳುಗಳು ಶುಂಠಿ ಬೇರಿನ ಹಾಗೆ ಸೊಟ್ಟಗಾಗಿವೆ. ಹಿಟ್ಟು ನಾದಲು ತೋಳಿದೆ, ರುಚಿ ನೋಡಲು ನಾಲಿಗೆಯಿದೆ; ನಾರು ಎಳೆದು ಗಂಟು ಹಾಕಲು ಬೆರಳು ಒಪ್ಪುವುದಿಲ್ಲ. ಸಡಿಲ ಕಟ್ಟಿದರೆ ಹಂಡೆಯಲ್ಲಿ ಬಾಯಿ ಬಿಟ್ಟು ಎಲ್ಲ ಗಂಜಿಯಾಗುತ್ತದೆ. ಹಾಗೆ ಎರಡು ಸಲ ಆಯಿತು. ಮೂರನೇ ಶನಿವಾರ ಬಲ್ಬು ಹತ್ತಲಿಲ್ಲ. ಏನೋ ಆಗಿಹೋಯಿತೆಂದು ಅರ್ಧ ಬಡಾವಣೆ ಓಡಿ ಬಂತು. "ಸತ್ತಿಲ್ಲ ಕಣ್ರೋ, ಅಳೋಕೆ ಬಂದವರು ಕಾಫಿ ಕುಡ್ಕೊಂಡು ಹೋಗಿ," ಎಂದರು ದೋನ್ಯಾ.

ಅದೇ ಹೊತ್ತಿಗೆ ಎದುರು ಮೂಲೆಯಲ್ಲಿ ಔಷಧಿ ಅಂಗಡಿಯೊಂದು ತೆರೆಯಿತು. ಮನೆಯಷ್ಟೆತ್ತರದ ಹಸಿರು ಬೋರ್ಡು, ವಾರದ ಏಳು ದಿನವೂ ಝಗಝಗ. ಹೊಸ ಟ್ಯಾಕ್ಸಿಯವರು "ಹಸಿರು ಬೋರ್ಡಿನ ಹತ್ರನಾ?" ಎನ್ನತೊಡಗಿದರು.

ಟ್ಯಾಕ್ಸಿ ಓಡಿಸುವ ದೋನ್ ವಿಲ್ಫ್ರೆದೋಗೆ ಇದನ್ನು ಕೇಳಿ ತಡೆಯಲಾಗಲಿಲ್ಲ. ಅವನು ಹುಟ್ಟಿದ್ದೇ ಆ ಬಲ್ಬಿನ ಕೆಳಗೆ. "ನಕತಮಾಲ್ ಮಾಡೋಕಾಗ್ದಿದ್ರೆ ಬೇಡ ದೋನ್ಯಾ, ಬಲ್ಬು ಹಚ್ಚೋಕೇನು? ಸ್ವಿಚ್ಚು ಒತ್ತಿದ್ರಾಯ್ತು."

"ಒಲೆ ಮೇಲೆ ಏನೂ ಇಲ್ದೆ?"

"ಯಾರಿಗೆ ಗೊತ್ತಾಗತ್ತೆ?"

"ತಗೊಳ್ಳೋಕೆ ಬಂದವರಿಗೆ ಗೊತ್ತಾಗತ್ತೆ. ನಿನ್ನ ಟ್ಯಾಕ್ಸಿ ಮೇಲೆ ಖಾಲಿ ಅಂತ ಹಾಕ್ಕೊಂಡು ಒಳಗೆ ನಿಮ್ಮತ್ತೆ ಮನೆಯವರನ್ನ ತುಂಬ್ಕೊಂಡು ಹೋಗ್ತೀಯೇನೋ?"

ಆದರೂ ಮೊನ್ನೆ ಶನಿವಾರ ಆಕೆ ಇಗರ್ಜಿಗೆ ಹೋದ ಸಮಯ ನೋಡಿ ವಿಲ್ಫ್ರೆದೋ ಸ್ವಿಚ್ಚು ಒತ್ತಿಬಿಟ್ಟ. ಆಕೆ ಹಿಂತಿರುಗಿದಾಗ ಬಾಗಿಲಲ್ಲಿ 'ಹಿಡ್ಕೊಳ್ಳಿ'ಯಿಂದ ನಡೆದು ಬಂದ ಹೆಂಗಸೊಬ್ಬಳು ಪಾತ್ರೆ ಹಿಡಿದು ನಿಂತಿದ್ದಳು. "ದೇವರು ದೊಡ್ಡವನು ದೋನ್ಯಾ, ಮತ್ತೆ ಶುರು ಮಾಡಿದ್ರಲ್ಲ! ನಮ್ಮಪ್ಪ ಹಾಸಿಗೆ ಹಿಡಿದಿದ್ದಾರೆ, ನಿಮ್ಮ ನಕತಮಾಲ್ ಒಂದೇ ಬೇಕು ಅಂತಿದ್ದಾರೆ."

ದೋನ್ಯಾ ಮನೆಯಲ್ಲಿದ್ದ ಅನ್ನ, ಬೇಯಿಸಿದ ಕಾಳು, ಚೀಸು ಎಲ್ಲವನ್ನೂ ಆ ಪಾತ್ರೆಗೆ ಹಾಕಿ ಕಳಿಸಿದರು. ಆಮೇಲೆ ಸ್ಟೂಲು ಹಾಕಿಕೊಂಡು, ಬಿಸಿ ಬಲ್ಬನ್ನು ಏಪ್ರನ್ನಿನ ಅಂಚಲ್ಲಿ ಹಿಡಿದು ಬಿಚ್ಚಿದರು. ಬೀದಿಯ ಮಕ್ಕಳೆಲ್ಲ ನೋಡುತ್ತ ನಿಂತಿದ್ದರು. ಹೇಸೆಲ್ ಕೂಡ ಇದ್ದಳು.

ಮಂಗಳವಾರ ಗ್ಯಾಸಿನವನು ಫೋನಿನಲ್ಲಿ ಕೇಳಿದ, "ವಿಳಾಸ ಹೇಳಿ ಅಕ್ಕಾ."

"ಕೆಂಪು ಬಲ್ಬಿನಿಂದ..."

"ಯಾವ ಬಲ್ಬು? ಇಲ್ಲೇ ನಿಂತಿದ್ದೀನಿ, ಬರೀ ತಂತಿ ನೇತಾಡ್ತಿದೆ. ಹಸಿರು ಬೋರ್ಡಿನಿಂದ ಹೇಳಿ."

ಅರ್ಲೆನ್ ಹಸಿರು ಬೋರ್ಡಿನಿಂದಲೇ ಹೇಳಿದಳು. ಸಿಲಿಂಡರು ಬಂತು, ಒಲೆ ಹತ್ತಿತು. ಹೇಸೆಲ್ ಆ ಮಾತನ್ನು ಕೇಳಿಸಿಕೊಂಡಿದ್ದಳು. "ಹಾಗಾದ್ರೆ ನಾವು ಮನೆ ಬದಲಾಯಿಸಿದ್ವಾ?" ಎಂದಳು.

ಗುರುವಾರ ಸಂಜೆ ನೀಲಿ ಗೇಟು ಕಿರುಗುಟ್ಟಿತು. ದೋನ್ಯಾ ಎಮೆರಿತಾ ಯಾರ ಮನೆಗೂ ಹೋಗುವವರಲ್ಲ, ಎಲ್ಲರೂ ಅವರಲ್ಲಿಗೆ ಬರುವವರು. ಅರ್ಲೆನ್ ಪಕ್ಕದ ಮನೆಯ ಹುಡುಗಿಗೆ ಹಬ್ಬದ ಜಡೆ ಹೆಣೆಯುತ್ತಿದ್ದಳು. ಅದೇ ಅವಳ ಸಂಪಾದನೆ. ದೋನ್ಯಾ ಕುರ್ಚಿ ಎಳೆದುಕೊಂಡು ಅವಳ ಬೆರಳುಗಳನ್ನೇ ನೋಡುತ್ತ ಕುಳಿತರು.

"ಎಷ್ಟು ಸಣ್ಣ ಎಳೆ! ಬಿಚ್ಚಿಹೋಗಲ್ವೇನೇ?"

"ಒಂದು ತಿಂಗಳು ಅಲ್ಲಾಡಲ್ಲ ದೋನ್ಯಾ. ಸ್ನಾನ ಮಾಡಿದ್ರೂ."

"ಕುದಿಯೋ ನೀರಲ್ಲಿ?"

ಜಡೆಯ ಹುಡುಗಿ ಹೆದರಿ ತಿರುಗಿ ನೋಡಿದಳು. ಅರ್ಲೆನ್ ನಕ್ಕಳು. ದೋನ್ಯಾ ನಗಲಿಲ್ಲ. ಮಡಿಲಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಒಳಗೆ ಬಲ್ಬಿತ್ತು, ಧೂಳು ಒರೆಸಿ ಹೊಳೆಯುತ್ತಿತ್ತು.

"ಟೋಪಿಗಾರರ ಓಣಿ ಎಲ್ಲಿತ್ತು ಅಂತ ನಾನೊಬ್ಬಳು ಹೋದ್ಮೇಲೆ ಹೇಳೋರಿಲ್ಲ," ಎಂದರು. "ಅದು ನೆಲ ನಡುಗಿ ಹೋಯ್ತು, ಯಾರ್ನ ಬೈಯೋದು? ಇದು ನನ್ನ ಬೆರಳು ನಡುಗಿ ಹೋಗ್ತಿದೆ. ಅದು ನಂಗೆ ಆಗ್ಬರಲ್ಲ ಮಗಳೇ."

"ಶನಿವಾರ ನಂಗೆ ಜಡೆ ಗಿರಾಕಿ ಜಾಸ್ತಿ, ದೋನ್ಯಾ," ಎಂದಳು ಅರ್ಲೆನ್. ದೋನ್ಯಾ ಬಂದದ್ದು ಯಾಕೆಂದು ಅವಳಿಗೆ ಆಗಲೇ ತಿಳಿದಿತ್ತು. ಮನೆ ಬಾಡಿಗೆ ನಿಂತಿರುವುದು ಆ ಶನಿವಾರದ ಮೇಲೆಯೇ ಎಂಬುದೂ ತಿಳಿದಿತ್ತು.

"ಗಿರಾಕಿಗಳ್ನ ನಮ್ಮ ಜಗಲಿಗೇ ಕರ್ಕೊಂಬಾ. ಹಂಡೆ ಕಾಯೋವರೆಗೆ ಹೆಣಿ, ಆಮೇಲೆ ಕಟ್ಟು. ಹಿಟ್ಟು ನಂದು, ಮಾಂಸ ನಂದು, ಬೈಗುಳಾನೂ ನಂದೇ. ನಾರಿನ ಗಂಟು ಮಾತ್ರ ನಿಂದು. ಬಂದ ಲಾಭದಲ್ಲಿ ಅರ್ಧ ನಿಂದೇ."

ಹೇಸೆಲ್ ಬಂದು ಬಲ್ಬಿನ ಮೇಲೆ ಬೆರಳಿಟ್ಟಳು. ದೋನ್ಯಾ ಅದನ್ನು ಅವಳ ಎರಡೂ ಕೈಗೆ ಕೊಟ್ಟು, ಅರ್ಲೆನ್ ಕಡೆ ತಿರುಗಿದರು.

"ಹಂಡೆ ತುಂಬಾ ಆಗ್ದಿದ್ರೆ ಬೇಡ. ಒಂದು ಕಟ್ಟಿದ್ರೂ ಬಲ್ಬು ಸುಳ್ಳು ಹೇಳಿದ ಹಾಗಾಗಲ್ಲ. ನನ್ನ ಬಿಟ್ರೆ ಬಲ್ಬಿನ ಪಾಲನ್ನ ತಿಂದವಳು ಇಡೀ ಬಡಾವಣೇಲಿ ನೀನೊಬ್ಳೇ, ಅದಕ್ಕೇ ನಿನ್ನ ಹತ್ರ ಬಂದೆ. ನಾಡಿದ್ದು ಶನಿವಾರ ಬಂದು ಅದೊಂದನ್ನ ಕಟ್ಟಿಕೊಡ್ತೀಯಾ?"